ಏಳು ಗೆಲುವು, ಎರಡು ಕ್ಷೇತ್ರ: ಆರ್. ಅಶೋಕ ಅವರ ಚುನಾವಣಾ ಹಾದಿ

ಬನಶಂಕರಿ ಮೂರನೇ ಹಂತಕ್ಕೆ ಅಂಟಿಕೊಂಡಿರುವ ಇಟ್ಟಮಡುವಿನಲ್ಲಿ ಹಳೆಯ ಊರು ಇನ್ನೂ ಪೂರ್ತಿ ಕರಗಿಲ್ಲ. ಒಳಗಿನ ಗಲ್ಲಿಗಳಲ್ಲಿ ಎದುರುಬದುರು ಎರಡು ಗಾಡಿ ಬಂದರೆ ಒಂದು ನಿಂತು ದಾರಿ ಬಿಡಬೇಕು. ಸ್ವಲ್ಪ ಮುಂದೆ ನಡೆದರೆ ನಕ್ಷೆ ಹಾಕಿ ಬಿಡಿಸಿದ ನೇರ ರಸ್ತೆಗಳು ಸಿಗುತ್ತವೆ. ಪದ್ಮನಾಭನಗರದಿಂದ ಗೆಲ್ಲಬೇಕಾದವರು ಈ ಎರಡೂ ಬಗೆಯ ಬೀದಿಗಳಲ್ಲಿ ಮತ ಕೇಳಬೇಕು. 2008ರಿಂದ ಇಲ್ಲಿ ಗೆಲ್ಲುತ್ತಿರುವವರು ಬಿಜೆಪಿಯ ಆರ್. ಅಶೋಕ.

ಅವರು ಮೊದಲು ಗೆದ್ದದ್ದು ಪದ್ಮನಾಭನಗರದಲ್ಲಲ್ಲ, ಉತ್ತರಹಳ್ಳಿಯಲ್ಲಿ. 1990ರ ದಶಕದ ಉತ್ತರಾರ್ಧದ ಉಪಚುನಾವಣೆಯಲ್ಲಿ. ನಗರದ ಅಂಚನ್ನು ಸುತ್ತುವರಿದಿದ್ದ ಉತ್ತರಹಳ್ಳಿ, ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರಗಳಲ್ಲಿ ಒಂದು. 1999 ಮತ್ತು 2004ರಲ್ಲೂ ಅಲ್ಲೇ ಗೆದ್ದರು. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂದು ಉತ್ತರಹಳ್ಳಿ ಎಂಬ ಕ್ಷೇತ್ರವೇ ಇಲ್ಲವಾಯಿತು. ಅದರ ಹರವು ಹಲವು ಕ್ಷೇತ್ರಗಳಿಗೆ ಹಂಚಿಹೋದಾಗ ಅಶೋಕ ಆರಿಸಿಕೊಂಡದ್ದು ಒತ್ತೊತ್ತಾಗಿ ಮನೆಗಳಿರುವ, ಬಹುಪಾಲು ಬಡಾವಣೆಗಳ ಪದ್ಮನಾಭನಗರವನ್ನು. ಅವರ ಮುಂದಿನ ಹದಿನೈದು ವರ್ಷಗಳನ್ನು ರೂಪಿಸಿದ ನಿರ್ಧಾರ ಇದೇ ಎಂಬುದು ಈ ಲೇಖನದ ವಾದ. ಸಾರಿಗೆ, ಗೃಹ, ಕಂದಾಯ ಖಾತೆಗಳು, 2012ರ ಉಪಮುಖ್ಯಮಂತ್ರಿ ಸ್ಥಾನ, 2023ರ ನವೆಂಬರ್‌ನಲ್ಲಿ ಸಿಕ್ಕ ವಿಧಾನಸಭೆಯ ವಿರೋಧ ಪಕ್ಷದ ನಾಯಕತ್ವ, ಇವೆಲ್ಲಕ್ಕೂ ಆಧಾರವಾದದ್ದು ಕೈಬಿಡದ ಈ ಒಂದು ಕ್ಷೇತ್ರ.

ಅಂಕಿಗಳು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತವೆ. 2013ರಲ್ಲಿ ಗೆಲುವಿನ ಅಂತರ 20,123; ಯಡಿಯೂರಪ್ಪನವರು ಕೆಜೆಪಿ ಕಟ್ಟಿ ಹೊರಹೋಗಿದ್ದ ಆ ವರ್ಷ ಬಿಜೆಪಿ 40 ಸ್ಥಾನಕ್ಕೆ ಇಳಿದಿತ್ತು. 2018ರಲ್ಲಿ ಪಕ್ಷ 104ಕ್ಕೆ ಏರಿದಾಗ ಅಂತರವೂ 32,166ಕ್ಕೆ ಏರಿತು. ಇಲ್ಲಿಯವರೆಗೆ ರಾಜ್ಯದ ಗಾಳಿಯೂ ಕ್ಷೇತ್ರದ ಗಾಳಿಯೂ ಒಂದೇ ದಿಕ್ಕಿನಲ್ಲಿ ಬೀಸಿದವು. ಆದರೆ 2023ರಲ್ಲಿ ಬಿಜೆಪಿ 66ಕ್ಕೆ ಕುಸಿದು ಕಾಂಗ್ರೆಸ್ 135 ಗೆದ್ದಾಗ ಪದ್ಮನಾಭನಗರದಲ್ಲಿ ಅಂತರ 55,175ಕ್ಕೆ ಮುಟ್ಟಿತು. ಈ ಮೂರು ಚುನಾವಣೆಗಳಲ್ಲಿ ಪಕ್ಷ ಸೋತ ವರ್ಷದಲ್ಲೇ ಶಾಸಕರ ಅತಿ ದೊಡ್ಡ ಗೆಲುವು! ಇದನ್ನು ಪಕ್ಷದ ಅಲೆಯೊಂದರಿಂದಲೇ ವಿವರಿಸಲಾಗದು.

ಹಾಗಾದರೆ ಇದು ವ್ಯಕ್ತಿಯ ವರ್ಚಸ್ಸೇ? ಅದಕ್ಕೆ ಉತ್ತರವೂ ಅದೇ ಚುನಾವಣೆಯಲ್ಲೇ ಇದೆ. ಒಕ್ಕಲಿಗರ ನಾಯಕನೆಂಬ ಲೆಕ್ಕಾಚಾರದಲ್ಲಿ ಪಕ್ಷ ಅವರನ್ನು ಕಾಂಗ್ರೆಸ್‌ನ ಡಿ.ಕೆ. ಶಿವಕುಮಾರ್ ವಿರುದ್ಧ ಕನಕಪುರದಲ್ಲೂ ಇಳಿಸಿತು. ಅಲ್ಲಿ ಅಶೋಕ ಅವರಿಗೆ ಬಿದ್ದ ಮತ 19,753. ಜೆಡಿಎಸ್‌ನ ಬಿ. ನಾಗರಾಜು 20,631 ಪಡೆದು ಎರಡನೆಯವರಾದರು. ಶಿವಕುಮಾರ್ ಪಡೆದದ್ದು 1,43,023. ಚಲಾವಣೆಯಾದ ಮತಗಳ ಆರನೇ ಒಂದು ಭಾಗವೂ ದಕ್ಕದೆ ಅಶೋಕ ಅವರ ಠೇವಣಿ ಹೋಯಿತು. ಅದೇ ಹೆಸರು, ಅದೇ ಚಿಹ್ನೆ, ಅದೇ ದಿನ. ಬದಲಾದದ್ದು ಕ್ಷೇತ್ರ ಮಾತ್ರ. ಪಕ್ಷದ ಇಂಥದೇ ಪ್ರಯೋಗಕ್ಕೆ ಒಳಗಾದ ವಿ. ಸೋಮಣ್ಣ ತಮ್ಮ ಗೋವಿಂದರಾಜನಗರವನ್ನು ಬಿಟ್ಟು ವರುಣ, ಚಾಮರಾಜನಗರಗಳಲ್ಲಿ ನಿಂತು ಎರಡನ್ನೂ ಕಳೆದುಕೊಂಡರು. ಅಶೋಕ ಅವರಿಗೆ ಮರಳಲು ಪದ್ಮನಾಭನಗರ ಇತ್ತು.

ಪಕ್ಕದ ಕ್ಷೇತ್ರಗಳಲ್ಲಿ ರಾಮಲಿಂಗಾ ರೆಡ್ಡಿ ಅವರ ಚರಿತ್ರೆ ಅಶೋಕ ಅವರ ಹಾದಿಗೆ ಒಳ್ಳೆಯ ಹೋಲಿಕೆ. ಕಾಂಗ್ರೆಸ್ಸಿಗರಾದ ಅವರೂ ಗೃಹ, ಸಾರಿಗೆ ಖಾತೆಗಳನ್ನು ನಿಭಾಯಿಸಿದವರು. 1989ರಿಂದ ನಾಲ್ಕು ಬಾರಿ ಜಯನಗರದಿಂದ ಗೆದ್ದು, 2008ರ ಪುನರ್ವಿಂಗಡಣೆಯ ನಂತರ ಬಿಟಿಎಂ ಲೇಔಟ್‌ಗೆ ಹೋದರು. ಅಲ್ಲೂ ನಾಲ್ಕು ಬಾರಿ ಗೆದ್ದಿದ್ದಾರೆ. ಅವರು ಬಿಟ್ಟ ಜಯನಗರ 2008 ಮತ್ತು 2013ರಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್ ಪಾಲಾಯಿತು. 2018ರಲ್ಲಿ ಮಗಳು ಸೌಮ್ಯಾ ರೆಡ್ಡಿ ಅದನ್ನು ಮರಳಿ ಪಡೆದರೂ 2023ರ ಮರುಎಣಿಕೆಯಲ್ಲಿ ಬಿಜೆಪಿಯ ಸಿ.ಕೆ. ರಾಮಮೂರ್ತಿ ಎದುರು ಬರೀ 16 ಮತಗಳಿಂದ ಸೋತರು. ಅದೇ ವರ್ಷ ತಂದೆ ಪಕ್ಕದ ಬಿಟಿಎಂನಲ್ಲಿ ಎಂಟನೇ ಬಾರಿ ಶಾಸಕರಾದರು.