ಬೆಂಕಿಗೆ ಬಿದ್ದ ಆಸ್ಪತ್ರೆಗಳ ಪಟ್ಟಿ

ಆಪರೇಷನ್ ಕೊಠಡಿಯ ಹೊರಗೆ ಕಾಯುವ ಬಂಧುಗಳು ಗೋಡೆಯ ಫಲಕದಲ್ಲಿ ವೈದ್ಯರ ಪದವಿಗಳನ್ನು ಓದಿ ಸಮಾಧಾನ ತಂದುಕೊಳ್ಳುತ್ತಾರೆ. ಇದೇ ಶಸ್ತ್ರಚಿಕಿತ್ಸೆಯನ್ನು ಆ ವೈದ್ಯರು ಹಿಂದೆ ಎಷ್ಟು ಬಾರಿ ಮಾಡಿದ್ದಾರೆ, ಆ ರೋಗಿಗಳು ಏನಾದರು ಎಂಬುದು ಫಲಕದಲ್ಲಿ ಇರುವುದಿಲ್ಲ. ಅದನ್ನು ತಿಳಿದುಕೊಳ್ಳಬೇಕಾದುದು ಆಸ್ಪತ್ರೆಯ ಹೊಣೆಯಲ್ಲವೇ?

ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ (1869–1940). ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟು, ಚಿಕಿತ್ಸೆ ಮುಗಿದ ಮೇಲೂ ವಿಚಾರಿಸಿ, ಗುಣವಾಗದಿದ್ದರೆ ಏಕೆ ಎಂದು ಬರೆದಿಡಬೇಕೆಂಬುದು ಅವರ ವಾದ. ಅವರು ಕೆಲಸ ಮಾಡುತ್ತಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಆಗ ಬಡ್ತಿ ಸಿಗುತ್ತಿದ್ದುದು ಸೇವಾ ಹಿರಿತನದಿಂದ, ಕೈಗುಣದಿಂದಲ್ಲ. ಇದನ್ನು ಪ್ರತಿಭಟಿಸಿ ಅವರು 1914ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ವೈದ್ಯರ ಸಭೆಯೊಂದರಲ್ಲಿ, ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ವ್ಯಂಗ್ಯಚಿತ್ರ ಪ್ರದರ್ಶಿಸಿ ಸಹೋದ್ಯೋಗಿಗಳ ಕೋಪಕ್ಕೆ ಗುರಿಯಾದರು. ಪರರನ್ನು ಮಾತ್ರ ಟೀಕಿಸಿದವರಲ್ಲ ಅವರು. ತಮ್ಮದೇ ಪುಟ್ಟ ಆಸ್ಪತ್ರೆಯಲ್ಲಿ 1911ರಿಂದ 1916ರವರೆಗೆ ಚಿಕಿತ್ಸೆ ಪಡೆದ 337 ರೋಗಿಗಳ ವಿಷಯದಲ್ಲಿ ಆದ 123 ತಪ್ಪುಗಳನ್ನು ಅಚ್ಚು ಮಾಡಿಸಿ ಹಂಚಿದರು.

ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಅವರ ವಿಚಾರದ ಒಂದು ಭಾಗವನ್ನು ಕೈಗೆತ್ತಿಕೊಂಡಿತು. ವೈದ್ಯರು ಅರ್ಹರೂ ಪರವಾನಗಿ ಪಡೆದವರೂ ಆಗಿರಬೇಕು, ನಿಯಮಿತವಾಗಿ ಸಭೆ ಸೇರಿ ತಮ್ಮ ಕೆಲಸವನ್ನು ತಾವೇ ಪರಿಶೀಲಿಸಬೇಕು, ದಾಖಲೆ ಇಡಬೇಕು ಎಂಬ ಕನಿಷ್ಠ ನಿಯಮಗಳನ್ನು ಅದು 1917ರಲ್ಲಿ ರೂಪಿಸಿತು. ನೂರು ಹಾಸಿಗೆಗಳಿಗಿಂತ ಕಡಿಮೆಯಿಲ್ಲದ 692 ಆಸ್ಪತ್ರೆಗಳನ್ನು ಪರೀಕ್ಷಿಸಿದಾಗ ತೇರ್ಗಡೆಯಾದವು 89 ಮಾತ್ರ! ಅನುತ್ತೀರ್ಣವಾದವುಗಳಲ್ಲಿ ಹೆಸರಾಂತ ಆಸ್ಪತ್ರೆಗಳೂ ಇದ್ದವು. ಪಟ್ಟಿ ಪತ್ರಿಕೆಗಳ ಕೈಗೆ ಸಿಕ್ಕೀತೆಂದು ಹೆದರಿದ ಮುಖ್ಯಸ್ಥರು 1919ರಲ್ಲಿ ಅದನ್ನು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನ ಬಾಯ್ಲರ್ ಒಲೆಗೆ ಹಾಕಿ ಸುಟ್ಟರು.

ಪಟ್ಟಿ ಸುಟ್ಟರೂ ನಿಯಮಗಳು ಉಳಿದವು. 1951ರಲ್ಲಿ ಈ ಪರಿಶೀಲನೆಗೆಂದೇ ಅಲ್ಲಿ ಪ್ರತ್ಯೇಕ ಜಂಟಿ ಆಯೋಗ ಹುಟ್ಟಿತು. ಮುಂದೆ ಇಲಿನಾಯ್ ರಾಜ್ಯದಲ್ಲಿ, ಫುಟ್‌ಬಾಲ್ ಆಡುವಾಗ ಕಾಲು ಮುರಿದುಕೊಂಡ ವಿದ್ಯಾರ್ಥಿಯೊಬ್ಬನಿಗೆ ಬಿಗಿಯಾಗಿ ಪ್ಲಾಸ್ಟರ್ ಹಾಕಿದ್ದರಿಂದ ಕಾಲನ್ನೇ ಕತ್ತರಿಸಬೇಕಾಯಿತು. ವೈದ್ಯರ ಕೆಲಸದ ಮೇಲೆ ನಿಗಾ ಇಡದ ಆಸ್ಪತ್ರೆಯೂ ಹೊಣೆಗಾರ ಎಂದು 1965ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಜಾಗ ಕೊಡುವುದಷ್ಟೇ ಆಸ್ಪತ್ರೆಯ ಕೆಲಸ ಎಂಬ ಹಳೆಯ ಸಬೂಬು ಅಲ್ಲಿಗೆ ಮುಗಿಯಿತು.

ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಕೂಡ ವೈದ್ಯರ ಅರ್ಹತೆ ಪರಿಶೀಲಿಸಿ, ಯಾರು ಯಾವ ಚಿಕಿತ್ಸೆ ಮಾಡಬಹುದೆಂದು ನಿಗದಿಪಡಿಸಬೇಕೆನ್ನುತ್ತದೆ. ಪ್ರಮಾಣಪತ್ರ ನೋಡುವುದು ಸುಲಭ. ಫಲಿತಾಂಶ ತೂಗುವುದು ಕಷ್ಟ. ಗಂಭೀರ ಸ್ಥಿತಿಯ ರೋಗಿಗಳನ್ನು ಹಿಂದೆಗೆಯದೆ ಸ್ವೀಕರಿಸುವ ವೈದ್ಯರ ಲೆಕ್ಕದಲ್ಲಿ ಸಾವು ಹೆಚ್ಚಿರಬಹುದು. ಆದ್ದರಿಂದಲೇ ಬರೀ ಅಂಕಿ ಸಾಲದು, ಅದರ ಹಿಂದಿನ ಕಾರಣವನ್ನು ಬಲ್ಲವರು ಕುಳಿತು ವಿಚಾರಿಸಬೇಕು.

ಕಾಡ್‌ಮನ್ ಸಮಾಧಿಗೆ 2014ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ರೋಗಿ ಗುಣವಾದನೇ, ಇಲ್ಲದಿದ್ದರೆ ಏಕೆ? ಅವರ ಈ ಪ್ರಶ್ನೆಗೆ ಉತ್ತರ ಬರೆದಿಡುವ ಆಸ್ಪತ್ರೆಯೇ ಅವರಿಗೆ ತಕ್ಕ ಸ್ಮಾರಕ.