ಎರಡು ಪರದೆ, ಒಂದು ಲೆಕ್ಕ

ಅಂಕೋಲೆಯ ತಾಲೂಕು ಕಚೇರಿಯಿಂದ ಮೊದಲ ಸಲ ಕಂಪ್ಯೂಟರ್ ಪಹಣಿ ಹಿಡಿದು ಬಂದ ದಿನ ನಮ್ಮ ಮಾವ ಹೇಳಿದ್ದು ದುಡ್ಡಿನ ಮಾತಲ್ಲ, ಪರದೆಯ ಮಾತು. 'ತಮಾ, ಅಲ್ಲಿ ಎರಡು ಟಿವಿ ಇಟ್ಟಿದಾರೆ. ಒಂದು ಅವರ ಕಡೆ, ಒಂದು ನಮ್ಮ ಕಡೆ. ಅವರಿಗೆ ಕಂಡದ್ದೇ ನಮಗೂ ಕಾಣ್ತದೆ!'

ಅದು 'ಭೂಮಿ' ಯೋಜನೆ. 2001ರಲ್ಲಿ ಶುರುವಾಗಿ, ಮರುವರ್ಷದ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳನ್ನು ಮುಟ್ಟಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗುತ್ತಿತ್ತು. ಅದಕ್ಕೂ ಮುಂಚೆ ಪಹಣಿ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ಅದರಲ್ಲಿ ಏನಿದೆ ಅಂತ ಅವರು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ರೈತನ ಕಡೆ ತಿರುಗಿಸಿಟ್ಟ ಆ ಎರಡನೇ ಮಾನಿಟರ್ ಸಣ್ಣ ವಿಷಯ ಅಲ್ಲವೇ ಅಲ್ಲ.

ಆದರೆ ಒಂದೇ ಕೋಣೆಯಲ್ಲಿ ಎರಡು ಮಾನಿಟರ್ ಇಡುವುದು ಸುಲಭ. ಇಲ್ಲಿನ ಕಂಪ್ಯೂಟರಿನ ಪರದೆಯನ್ನೇ ಇಂಟರ್‌ನೆಟ್ಟಿನಲ್ಲಿ ಇನ್ನೊಂದು ಊರಿನವರಿಗೂ ತೋರಿಸಬೇಕು ಅಂದರೆ? ಆ ಪಾಠ ನಾನು ಕಲಿತದ್ದು ಇದೇ ಮಾವನ ಅಂಗಡಿಯಲ್ಲಿ.

ಮಾವನದ್ದು ಕರಿ ಇಶಾಡ ಮಾವಿನ ವ್ಯಾಪಾರ. ಅಂಕೋಲೆಯಲ್ಲಿ ಗೋಡೌನ್, ಸುಮಾರು 35 ಕಿಲೋಮೀಟರ್ ಆಚೆ ಕಾರವಾರದಲ್ಲಿ ಅಂಗಡಿ. ಇಂಜಿನಿಯರಿಂಗ್ ಓದುವಾಗ ಗೋಡೌನಿನ ಕಂಪ್ಯೂಟರಿಗೆ ವಿಷುಯಲ್ ಬೇಸಿಕ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಜಂಬದಿಂದ ಕಾರವಾರದ ಅಂಗಡಿಗೆ ಅದರದ್ದೇ ವೆಬ್ ಆವೃತ್ತಿ ಮಾಡಿದೆ. ಹಳೇ ಕೋಡ್‌ನ ಒಂದು ಸಾಲೂ ಬ್ರೌಸರ್‌ನಲ್ಲಿ ನಡೆಯದು. ಎಲ್ಲವನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲಿಂದ ಬರೆದೆ.

ಮೊದಲು ಕೈಕೊಟ್ಟದ್ದು ಕನ್ನಡ. ಗೋಡೌನಿನಲ್ಲಿ ಹೆಸರುಗಳನ್ನು ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆವು. ಆ ಫಾಂಟ್‌ಗಳಲ್ಲಿ ಒಳಗಿರುತ್ತಿದ್ದದ್ದು ಇಂಗ್ಲಿಷಿನ ಸಂಕೇತ, ಮೇಲಿನ ವೇಷ ಮಾತ್ರ ಕನ್ನಡ. ಅದೇ ಫಾಂಟ್ ಇಲ್ಲದ ಕಾರವಾರದ ಕಂಪ್ಯೂಟರಿನಲ್ಲಿ ಗಿರಾಕಿಗಳ ಹೆಸರೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾದವು. 2001ರ ವಿಂಡೋಸ್ ಎಕ್ಸ್‌ಪಿ ತನ್ನ 'ತುಂಗಾ' ಫಾಂಟ್ ಜೊತೆಗೇ ಯೂನಿಕೋಡ್ ಕನ್ನಡ ತಂದಿತ್ತು. ನಾವು ಅದನ್ನು ಬಳಸಿರಲಿಲ್ಲ, ಅಷ್ಟೇ. ಹೆಸರುಗಳನ್ನು ಕೂತು ಮತ್ತೆ ಟೈಪ್ ಮಾಡಿದ್ದಾಯ್ತು.

ಎರಡನೆಯದು ಲೆಕ್ಕ. ಸೀಸನ್ ಮುಗಿದಾಗ ಅದೇ ಬಿಲ್ಲುಗಳಿಗೆ ಅಂಕೋಲೆಯ ಪರದೆ ಒಂದು ಮೊತ್ತ ತೋರಿಸಿತು, ಕಾರವಾರದ್ದು ಇನ್ನೊಂದು. ಎರಡು ರಾತ್ರಿ ಹುಡುಕಿದ ಮೇಲೆ ಸಿಕ್ಕಿತು. ಅರ್ಧ ರೂಪಾಯಿ ಬಂದಾಗ ವಿಷುಯಲ್ ಬೇಸಿಕ್‌ನ 'ರೌಂಡ್' ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಅಂದರೆ 62.50 ಆಗುವುದು 62. ಜಾವಾಸ್ಕ್ರಿಪ್ಟ್‌ನಲ್ಲಿ ಅದೇ 63. ಎರಡೂ ತಪ್ಪಲ್ಲ! ತಪ್ಪು ನನ್ನದು. ಲೆಕ್ಕವನ್ನು ಬಟನ್ನಿನ ಹಿಂದೆಯೇ ಬರೆದಿದ್ದೆ, ಪರದೆ ಬದಲಾದಾಗ ಲೆಕ್ಕವೂ ಬದಲಾಯ್ತು.

ಮಾವ ಕೇಳಿದ್ದು ಒಂದೇ ಪ್ರಶ್ನೆ: 'ತಮಾ, ಎರಡರಲ್ಲಿ ಖರೆ ಯಾವ್ದು?' ಮರುದಿನದಿಂದ ಕೈಬರಹದ ಕಿರ್ದಿ ಪುಸ್ತಕ ಮತ್ತೆ ಗಲ್ಲಾ ಪೆಟ್ಟಿಗೆ ಪಕ್ಕ ಬಂತು.

ಹಾಗಾದರೆ ಒಂದೇ ಕೋಡ್ ಎರಡೂ ಕಡೆ ನಡೆಯುವಂತೆ ಯಾರೂ ಮಾಡಿರಲಿಲ್ಲವಾ? ಮಾಡಿದ್ದರು, ಬೇಕಾದಷ್ಟು ಸಲ. 1995ರಲ್ಲಿ ಸನ್ ಕಂಪನಿಯ ಜಾವಾ ಬಂತು. ಒಮ್ಮೆ ಬರೆದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತದೆ ಅನ್ನುವುದು ಅದರ ಭರವಸೆ. ಬ್ರೌಸರ್‌ನಲ್ಲಿ ಆಪ್ಲೆಟ್ ಆಗಿ, ಡೆಸ್ಕ್‌ಟಾಪ್‌ನಲ್ಲಿ ವಿಂಡೋ ಆಗಿ ಓಡಿತು ಕೂಡ. ಆದರೆ ಶುರುವಾಗುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. 1999ರಲ್ಲಿ ಮೈಕ್ರೋಸಾಫ್ಟ್ ಉಲ್ಟಾ ದಾರಿ ಹಿಡಿಯಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ ಎಚ್‌ಟಿಎ, ವೆಬ್ ಪುಟವನ್ನೇ ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡುತ್ತಿತ್ತು. ನಡೆದದ್ದು ವಿಂಡೋಸ್‌ನಲ್ಲಿ ಮಾತ್ರ. ಆಮೇಲೆ 2007ರ ಸಿಲ್ವರ್‌ಲೈಟ್, 2008ರ ಅಡೋಬಿ ಏರ್.

ಆಪ್ಲೆಟ್, ಫ್ಲ್ಯಾಶ್, ಸಿಲ್ವರ್‌ಲೈಟ್ ಎಲ್ಲದರದ್ದೂ ಒಂದೇ ಕತೆ. ಇವು ಬ್ರೌಸರಿನ ಮನೆಯಲ್ಲಿ ಬಾಡಿಗೆಗಿದ್ದವು. ಐಫೋನ್ ಫ್ಲ್ಯಾಶ್‌ಗೆ ಬಾಗಿಲನ್ನೇ ತೆರೆಯಲಿಲ್ಲ. ಉಳಿದ ಬ್ರೌಸರ್‌ಗಳೂ ಒಂದೊಂದಾಗಿ ಪ್ಲಗಿನ್‌ಗಳನ್ನು ಹೊರಹಾಕಿದವು. ಫ್ಲ್ಯಾಶ್‌ನ ಆಯಸ್ಸು 2020ರ ಕೊನೆಗೆ ಮುಗಿಯಿತು, ಸಿಲ್ವರ್‌ಲೈಟ್‌ನದ್ದು ಮರುವರ್ಷ.

ಗೆದ್ದದ್ದು, ಮನೆಯನ್ನೇ ಹೊತ್ತುಕೊಂಡು ಓಡಾಡುವ ಉಪಾಯ. 2013ರಲ್ಲಿ ಗಿಟ್‌ಹಬ್ ತನ್ನ ಆಟಂ ಎಡಿಟರ್‌ಗಾಗಿ ಶುರುಮಾಡಿದ ಕೆಲಸ 2015ರಲ್ಲಿ 'ಎಲೆಕ್ಟ್ರಾನ್' ಅನ್ನುವ ಹೆಸರು ಪಡೆಯಿತು. ಪ್ರತಿ ಆ್ಯಪ್ ಒಳಗೂ ಒಂದೊಂದು ಇಡೀ ಕ್ರೋಮಿಯಂ ಬ್ರೌಸರ್! ನಿಮ್ಮ ಆಫೀಸ್ ಲ್ಯಾಪ್‌ಟಾಪ್ ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗಿ ಫ್ಯಾನ್ ಕೂಗುವುದರಲ್ಲಿ ಇದರದ್ದೂ ಪಾಲಿದೆ. 4 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್ ಇರುವ ಊರಿನ ಅಂಗಡಿಗೆ ಅದು ಇನ್ನೂ ದುಬಾರಿ. 2022ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ 'ಟೌರಿ' ಕಂಪ್ಯೂಟರಿನಲ್ಲಿ ಮೊದಲೇ ಇರುವ ಬ್ರೌಸರ್ ಭಾಗವನ್ನೇ ಬಳಸಿ ಈ ಭಾರ ಇಳಿಸಲು ಹೊರಟಿದೆ.

ಎಲೆಕ್ಟ್ರಾನ್ ಬಳಸಿದವರಲ್ಲಿ ನನಗೆ ಪಾಠ ಕಲಿಸಿದ್ದು ವಿಎಸ್ ಕೋಡ್. ಮೈಕ್ರೋಸಾಫ್ಟ್ ತಂಡ ಅದರ ಎಡಿಟರನ್ನು ಮೊದಲು ಬ್ರೌಸರ್‌ಗೇ ಕಟ್ಟಿತ್ತು, 2015ರಲ್ಲಿ ಡೆಸ್ಕ್‌ಟಾಪ್‌ಗೆ ತಂದಿತು, 2021ರಲ್ಲಿ ಮತ್ತೆ ಬ್ರೌಸರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬ್ರೌಸರ್‌ನಲ್ಲಿ ತೆರೆದರೆ ಅದೇ ಮುಖ, ಆದರೆ ಟರ್ಮಿನಲ್ ಇಲ್ಲ. ಯಂತ್ರವನ್ನು ಮುಟ್ಟುವ ಭಾಗವನ್ನು ಪರದೆಯಿಂದ ಬೇರೆ ಇಟ್ಟಿದ್ದಕ್ಕೇ ಪರದೆಯನ್ನು ಹಂಚಿಕೊಳ್ಳಲು ಆಯ್ತು. ಯಾವುದನ್ನು ಹಂಚಿಕೊಳ್ಳಬಾರದು ಅಂತ ಅವರು ಮೊದಲೇ ಗೆರೆ ಎಳೆದಿದ್ದರು. ನಾನು ಎಳೆದಿರಲಿಲ್ಲ.

ಈಗ ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಕೂತೇ ಅಂಕೋಲೆಯ ಪಹಣಿ ನೋಡುತ್ತೇನೆ. ಮಾವನ ಎರಡೂ ಅಂಗಡಿಗಳಲ್ಲಿ ಈಗ ಇರುವುದು ಒಂದೇ ಪ್ರೋಗ್ರಾಂ, ಲೆಕ್ಕ ನಡೆಯುವುದು ಸರ್ವರ್‌ನಲ್ಲಿ, ಒಂದೇ ಜಾಗದಲ್ಲಿ. ಆದರೂ ಸೀಸನ್‌ನಲ್ಲಿ ದಿನಾ ರಾತ್ರಿ ಅವರು ಕಾರವಾರಕ್ಕೆ ಫೋನ್ ಹಚ್ಚಿ, 'ನಿನ್ನ ಕಡೆ ಎಷ್ಟು ತೋರಿಸ್ತದೆ?' ಅಂತ ಕೇಳುವುದು ಬಿಟ್ಟಿಲ್ಲ. ಬಿಡಿ ಅಂತ ಹೇಳುವ ಧೈರ್ಯ ನನಗೂ ಇಲ್ಲ.