ಗೋಏಲ್: ಹೀಬ್ರೂ ಶಾಸ್ತ್ರಗಳಲ್ಲಿ ವಿಮೋಚಕನಾದ ದೇವರು

ಹೀಬ್ರೂ ಶಾಸ್ತ್ರಗಳು ದೇವರನ್ನು ಕರೆಯುವ ಬಿರುದುಗಳಲ್ಲಿ 'ಗೋಏಲ್' ಒಂದು. ಕನ್ನಡ ಬೈಬಲ್ಲಿನಲ್ಲಿ ಅದು 'ವಿಮೋಚಕ'. ಈ ಬಿರುದು ಹುಟ್ಟಿದ್ದು ಪೂಜೆಯ ಮಾತಿನಿಂದಲ್ಲ, ಮನೆತನದ ಕಟ್ಟಳೆಯಿಂದ. ಬಡತನಕ್ಕೆ ಸಿಕ್ಕವನು ಪಿತ್ರಾರ್ಜಿತ ಹೊಲ ಮಾರಿದರೆ ಅದನ್ನು ಬಿಡಿಸುವುದು, ಪರದೇಶಿಗೆ ತನ್ನನ್ನೇ ಮಾರಿಕೊಂಡರೆ ಹಣ ತೆತ್ತು ಬಿಡಿಸಿ ತರುವುದು ಹತ್ತಿರದ ರಕ್ತಸಂಬಂಧಿಯ ಪಾಲಿನದು (ಯಾಜಕಕಾಂಡ 25). ಕೊಲೆಯಾದವನ ಪರವಾಗಿ ಮುಯ್ಯಿ ತೀರಿಸುವವನೂ ಗೋಏಲನೇ (ಅರಣ್ಯಕಾಂಡ 35). ಗದಗ ಕಡೆಯ ಜಕ್ಕಲಿ, ರೋಣದ ಎರೆಸೀಮೆಯಲ್ಲಿ ಒತ್ತಿ ಹಾಕಿದ ಹೊಲದ ಸಂಕಟ ಬಲ್ಲವರಿಗೆ ಈ ಕಟ್ಟಳೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇದು ನಡೆಯುತ್ತಿದ್ದ ಬಗೆ ರೂತಳ ಕಥೆಯಲ್ಲಿದೆ. ಬೆತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿಕೊಂಡು, ರೂತಳ ಸತ್ತ ಗಂಡನ ನೆಂಟ ಬೋವಜ ಮಾತು ತೆಗೆಯುತ್ತಾನೆ. ಅವನಿಗಿಂತ ಹತ್ತಿರದ ನೆಂಟನೊಬ್ಬ ಆ ಮನೆತನದ ಹೊಲ ಬಿಡಿಸಲು ಒಪ್ಪುತ್ತಾನೆ. ವಿಧವೆ ರೂತಳ ಕೈಯನ್ನೂ ಹಿಡಿಯಬೇಕೆಂದು ತಿಳಿದಾಗ, ತನ್ನ ಆಸ್ತಿಗೆ ಧಕ್ಕೆಯೆಂದು ಹಿಂಜರಿದು ಕಾಲಿನ ಕೆರ ಕಳಚುತ್ತಾನೆ. ಹಕ್ಕು ಬಿಟ್ಟದ್ದಕ್ಕೆ ಅದೇ ಗುರುತು. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದ್ದಾಗಲೇ ಪ್ರವಾದಿ ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಅನಾತೋತಿನಲ್ಲಿದ್ದ ಚಿಕ್ಕಪ್ಪನ ಮಗನ ಹೊಲವನ್ನು ಕೊಂಡದ್ದೂ ಇದೇ ಹಕ್ಕಿನಿಂದ. ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದ.

ದೇವರನ್ನು ಗೋಏಲ್ ಎಂದಾಗ ಈ ನೆಂಟಸ್ತಿಕೆಯ ಹೊಣೆಯೆಲ್ಲ ಅವನ ಮೇಲೆ ಬರುತ್ತದೆ. ಕನಿಕರ ಬಂದಾಗ ಕೊಡುವ ದಾನವಲ್ಲ ಅದು. ತನ್ನವರಿಗಾಗಿ ಮಾಡಲೇಬೇಕಾದ ಕೆಲಸ. ಅನಾಥರ ಹೊಲದ ಗಡಿ ಒತ್ತುವವನು ಅವರ ಬಲಿಷ್ಠ ವಿಮೋಚಕನನ್ನು ಎದುರಿಸಬೇಕಾದೀತು ಎಂದು ಜ್ಞಾನೋಕ್ತಿಗಳು ಎಚ್ಚರಿಸುತ್ತವೆ. ಈ ಬಿರುದು ಅತಿ ಹೆಚ್ಚು ಬರುವುದು ಯೆಶಾಯನ ಗ್ರಂಥದ 40ನೆಯ ಅಧ್ಯಾಯದಿಂದ ಮುಂದೆ, ಬಾಬಿಲೋನಿನ ಸೆರೆಯಲ್ಲಿದ್ದವರನ್ನು ಸಂತೈಸುವ ಭಾಗದಲ್ಲಿ. ಅಲ್ಲಿ ಬಿಡುಗಡೆಗೆ ಹಣವಿಲ್ಲ: ಬಿಟ್ಟಿಯಾಗಿ ಮಾರಿಹೋದವರು ಬಿಟ್ಟಿಯಾಗಿಯೇ ಬಿಡುಗಡೆಯಾಗುತ್ತಾರೆ. ಯೋಬನು ಬೂದಿಯಲ್ಲಿ ಕುಳಿತು ನೆಚ್ಚಿದ ಗೋಏಲ್ ದೇವರೇ, ಬೇರೊಬ್ಬ ಸಾಕ್ಷಿಯೇ ಎಂಬುದು ಇಂದಿಗೂ ಪಂಡಿತರ ಚರ್ಚೆಯ ವಿಷಯ.

ದೇವರು ಪಾಪದಿಂದ ಬಿಡಿಸುವ ಮಾತೂ 130ನೆಯ ಕೀರ್ತನೆಯಲ್ಲಿದೆ. ಆದರೆ ಹೊಲ, ಸಾಲ, ಜೀತಗಳನ್ನು ಮರೆತು ಅದೊಂದನ್ನೇ ಹಿಡಿದರೆ ಬಿರುದು ಬಡವಾಗುತ್ತದೆ. ಬಾಸೆಲ್ ಮಿಷನ್ 1841ರಲ್ಲಿ ನೆಲೆಯೂರಿದ ಗದಗ-ಬೆಟಗೇರಿಯ ಸಭೆಗಳಲ್ಲಿ ಓದುವ ಕನ್ನಡ ಬೈಬಲ್ಲಿನ ಎರಡನೆಯ ಪುಸ್ತಕದ ಹೆಸರೇ ವಿಮೋಚನಕಾಂಡ. ಅದು ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಬಿಟ್ಟಿಯಾಳುಗಳು ಬಿಡುಗಡೆಯಾದ ಕಥೆ.